ಗುಡ್ಡ, ಗಣಿ, ಸೀಸದ ಗುಂಡು: ಗುರುತ್ವ ಸ್ಥಿರಾಂಕವನ್ನು ಅಳೆದ ಕಥೆ

1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಗುಡ್ಡ ಹತ್ತಿದ್ದು ಚಿನ್ನದ ಜಾಡು ಹಿಡಿದು. ಸಿಕ್ಕಿದ್ದು ಬಂಡೆಯ ಮೇಲೆ ಕೊರೆದ ಬ್ರಾಹ್ಮಿ ಅಕ್ಷರಗಳು. ಅಲ್ಲಿಯವರೆಗೆ ‘ದೇವಾನಾಂಪ್ರಿಯ’ ಎಂಬ ಬಿರುದಿನ ಹಿಂದೆ ಅಡಗಿದ್ದ ಅರಸನ ಹೆಸರು ಅಶೋಕ ಎಂದು ಶಾಸನದಲ್ಲೇ ಓದಲು ಸಿಕ್ಕಿದ್ದು ಅದೇ ಮೊದಲು. ಹುಡುಕಿದ್ದು ಒಂದು, ದೊರೆತದ್ದು ಇನ್ನೊಂದು. ಗುರುತ್ವ ಸ್ಥಿರಾಂಕದ ಇತಿಹಾಸದ ದೊಡ್ಡ ಪಾಲೂ ಹೀಗೆಯೇ ನಡೆದಿದೆ. ಬೆಟ್ಟವನ್ನೂ ಗಣಿಯನ್ನೂ ಬಳಸಿ ಗುರುತ್ವದ ಬಲವನ್ನು ಅಳೆಯಲು ಹೊರಟವರಿಗೆ ಕೊನೆಗೆ ದಕ್ಕಿದ್ದು ಆ ಬೆಟ್ಟದ, ಆ ಗಣಿಯ, ಅವುಗಳ ಕೆಳಗಿನ ಭೂಮಿಯ ಸುದ್ದಿ, ಸ್ಥಿರಾಂಕವಲ್ಲ. ಸ್ಥಿರಾಂಕ ದಕ್ಕಿದ್ದು, ಸೆಳೆಯುವ ವಸ್ತುವನ್ನು ತಾವೇ ತೂಗಿ ಕೋಣೆಯೊಳಗೆ ತಂದಿಟ್ಟುಕೊಂಡವರಿಗೆ. ಈ ಕಥೆಯನ್ನು ಸಾಮಾನ್ಯವಾಗಿ ಸೂಕ್ಷ್ಮ ಉಪಕರಣಗಳ ವಿಜಯಗಾಥೆಯಾಗಿ ಹೇಳುವುದುಂಟು. ನನ್ನ ವಾದ ಬೇರೆ: ಇಲ್ಲಿ ನಿರ್ಣಾಯಕವಾದದ್ದು ಕಣ್ಣಿನ ಸೂಕ್ಷ್ಮತೆಗಿಂತ ಹೆಚ್ಚಾಗಿ, ಸೆಳೆಯುತ್ತಿರುವುದು ಏನು, ಎಷ್ಟು ಎಂಬುದು ಗೊತ್ತಿರುವುದು. ಈ ವಾದವನ್ನು ಒರೆಗೆ ಹಚ್ಚಲು ಸಿಂಧನೂರು, ಲಿಂಗಸುಗೂರು, ಮಸ್ಕಿಯ ನೆಲಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಇಲ್ಲಿ ಯಾರೂ ಆ ಸ್ಥಿರಾಂಕವನ್ನು ಅಳೆಯಲಿಲ್ಲ ನಿಜ. ಆದರೆ ಬೆಟ್ಟ–ಗಣಿಗಳ ದಾರಿ ಏಕೆ ಕೈಕೊಟ್ಟಿತು ಎಂಬುದನ್ನು ಈ ನೆಲ ತನ್ನ ಕಲ್ಲಿನಲ್ಲೇ ತೋರಿಸುತ್ತದೆ.

ಮೊದಲು ಲೆಕ್ಕದ ತೊಡಕನ್ನು ನೋಡೋಣ. 1687ರಲ್ಲಿ ನ್ಯೂಟನ್ ಕೊಟ್ಟ ನಿಯಮದ ಪ್ರಕಾರ ಎರಡು ವಸ್ತುಗಳ ನಡುವಿನ ಸೆಳೆತ ಅವುಗಳ ದ್ರವ್ಯರಾಶಿಗಳ ಗುಣಲಬ್ಧಕ್ಕೆ ತಕ್ಕಂತೆ ಹೆಚ್ಚುತ್ತದೆ, ನಡುವಿನ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಈ ತಕ್ಕಂತೆ ಎಂಬುದನ್ನು ನಿಖರ ಅಂಕಿಯಾಗಿಸುವ ಗುಣಕವೇ ಇಂದು ನಾವು ‘ದೊಡ್ಡ ಜಿ’ ಎನ್ನುವ ಗುರುತ್ವ ಸ್ಥಿರಾಂಕ. ಕೈಬಿಟ್ಟ ಕಲ್ಲು ನೆಲಕ್ಕೆ ಬೀಳುವ ವೇಗೋತ್ಕರ್ಷ, ಅಂದರೆ ‘ಚಿಕ್ಕ ಜಿ’, ಲೋಲಕವೊಂದಿದ್ದರೆ ಯಾರಿಗಾದರೂ ಸಿಗುತ್ತದೆ. ಭೂಮಿಯ ತ್ರಿಜ್ಯವೂ ಗೊತ್ತಿತ್ತು. ಆದರೆ ಇವೆರಡನ್ನೂ ಸೇರಿಸಿದರೆ ಸಿಗುವುದು ದೊಡ್ಡ ಜಿ ಮತ್ತು ಭೂಮಿಯ ದ್ರವ್ಯರಾಶಿ ಇವುಗಳ ಗುಣಲಬ್ಧ ಮಾತ್ರ. ಭೂಮಿ ಭಾರವಾಗಿದ್ದು ಸ್ಥಿರಾಂಕ ಚಿಕ್ಕದಿರಬಹುದು. ಭೂಮಿ ಹಗುರವಾಗಿದ್ದು ಸ್ಥಿರಾಂಕ ದೊಡ್ಡದಿರಬಹುದು. ಬೀಳುವ ಕಲ್ಲಿಗೆ ಎರಡೂ ಒಂದೇ. ಈ ಜೋಡಿಯನ್ನು ಬಿಡಿಸಬೇಕಾದರೆ ತೂಕ ಗೊತ್ತಿರುವ ಮತ್ತೊಂದು ವಸ್ತುವಿನ ಸೆಳೆತವನ್ನು ಭೂಮಿಯ ಸೆಳೆತದ ಜೊತೆ ಹೋಲಿಸಿ ನೋಡಬೇಕು. ಹದಿನೆಂಟನೆಯ ಶತಮಾನದ ಪಂಡಿತರಿಗೆ ಆ ಮತ್ತೊಂದು ವಸ್ತುವಾಗಿ ಕಂಡದ್ದು ಬೆಟ್ಟ.

1738ರಲ್ಲಿ ಫ್ರಾನ್ಸಿನ ಪಿಯರ್ ಬೂಗೇರ್ ಇಂದಿನ ಈಕ್ವೆಡಾರ್‌ನ ಚಿಂಬೊರಾಜೊ ಪರ್ವತದ ಪಕ್ಕದಲ್ಲಿ ತೂಗುಗುಂಡು ಬಿಟ್ಟು ನೋಡಿದ. ಗೋಡೆ ಕಟ್ಟುವ ಗಾರೆಯವನು ನೆಟ್ಟಗಿದೆಯೇ ಎಂದು ನೋಡಲು ಇಳಿಬಿಡುವ ಅದೇ ಗುಂಡು. ಬೆಟ್ಟ ಪಕ್ಕಕ್ಕೆ ಸೆಳೆದರೆ ದಾರ ಕೂದಲೆಳೆಯಷ್ಟು ಓರೆಯಾಗಬೇಕು. ನಕ್ಷತ್ರಗಳಿಗೆ ಹೋಲಿಸಿ ಆ ಓರೆಯನ್ನು ಅಳೆಯಬಹುದು. ಹಿಮ, ಗಾಳಿಗಳ ನಡುವೆ ಬೂಗೇರ್‌ಗೆ ಸಿಕ್ಕ ಅಂಕಿ ನೆಚ್ಚುವಂಥದ್ದಾಗಿರಲಿಲ್ಲ. 1774ರಲ್ಲಿ ಇಂಗ್ಲೆಂಡಿನ ರಾಜಖಗೋಳಜ್ಞ ನೆವಿಲ್ ಮ್ಯಾಸ್ಕೆಲಿನ್ ಸ್ಕಾಟ್ಲೆಂಡಿನ ಶಿಹಾಲಿಯನ್ ಬೆಟ್ಟದ ಉತ್ತರ, ದಕ್ಷಿಣ ಎರಡೂ ಮಗ್ಗುಲಲ್ಲಿ ಗುಂಡು ಇಳಿಬಿಟ್ಟು, ಎರಡೂ ಓರೆ ಸೇರಿ 11.6 ಸೆಕೆಂಡು ಕೋನ ಎಂದು ಕಂಡುಕೊಂಡ. ಓರೆ ಸಿಕ್ಕಿತು, ಆದರೆ ಬೆಟ್ಟದ ತೂಕ? ಚಾರ್ಲ್ಸ್ ಹಟನ್ ಎಂಬ ಗಣಿತಜ್ಞ ಬೆಟ್ಟವನ್ನು ತುಂಡು ತುಂಡಾಗಿ ಲೆಕ್ಕಹಾಕಲು ಕೂತ. ಒಂದೇ ಎತ್ತರದ ಬಿಂದುಗಳನ್ನು ಗೆರೆಯಿಂದ ಜೋಡಿಸುವ ಉಪಾಯವನ್ನು ಅವನು ಹಿಡಿದದ್ದು ಈ ಲೆಕ್ಕಕ್ಕಾಗಿಯೇ. ಇಂದಿನ ಭೂಪಟಗಳ ಸಮೋನ್ನತಿ ರೇಖೆಗಳಿಗೆ ಅದು ನಾಂದಿಯಾಯಿತು. 1778ರಲ್ಲಿ ಅವನ ಉತ್ತರ ಬಂತು: ಭೂಮಿಯ ಸರಾಸರಿ ಸಾಂದ್ರತೆ ನೀರಿನ 4.5 ಪಟ್ಟು. ನಿಜವಾದ ಅಂಕಿ 5.51. ಮುಂದೆ ಜಾನ್ ಪ್ಲೇಫೇರ್ ಆ ಬೆಟ್ಟದ ಕಲ್ಲುಗಳನ್ನೇ ತೂಗಿ ನೋಡಿದ ಮೇಲೆ ಉತ್ತರ 4.56ರಿಂದ 4.87ರವರೆಗೆ ಎಂದಾಯಿತು. ಗುಂಡಿನ ಓರೆ ಅದೇ, ನಕ್ಷತ್ರಗಳೂ ಅವೇ. ಕಲ್ಲಿನ ಮಾಹಿತಿ ಬದಲಾದೊಡನೆ ಭೂಮಿಯ ತೂಕವೇ ಬದಲಾಯಿತು.

ಬೆಟ್ಟ ಬೇಡ, ಗಣಿಯಾದರೆ? 1854ರಲ್ಲಿ ಜಾರ್ಜ್ ಬಿಡೆಲ್ ಏರಿ ಇಂಗ್ಲೆಂಡಿನ ಹಾರ್ಟನ್ ಕಲ್ಲಿದ್ದಲು ಗಣಿಯಲ್ಲಿ ಈ ಪ್ರಯತ್ನ ಮಾಡಿದ. ಒಂದು ಲೋಲಕ ನೆಲದ ಮೇಲೆ, ಇನ್ನೊಂದು 1,256 ಅಡಿ ಆಳದಲ್ಲಿ. ಕೆಳಗಿನ ಲೋಲಕ ದಿನಕ್ಕೆ ಸುಮಾರು ಎರಡೂಕಾಲು ಸೆಕೆಂಡು ಮುಂದೆ ಓಡಿತು. ಮೇಲಿದ್ದ ಕಲ್ಲಿನ ಪದರದ ಸಾಂದ್ರತೆ ಗೊತ್ತಿದ್ದರೆ ಇಡೀ ಭೂಮಿಯ ಸಾಂದ್ರತೆ ಸಿಗುತ್ತದೆ ಎಂಬುದು ಲೆಕ್ಕ. ಅವನ ಉತ್ತರ 6.57. ಬೆಟ್ಟ ಕಡಿಮೆ ಹೇಳಿದರೆ ಗಣಿ ಹೆಚ್ಚು ಹೇಳಿತು. ತಪ್ಪು ಎಲ್ಲಿ ನುಸುಳುತ್ತದೆ ಎಂಬುದನ್ನು ತಿಳಿಯಲು ಏರಿಯ ಉಪಾಯವನ್ನು ಲಿಂಗಸುಗೂರು ತಾಲೂಕಿನ ಹಟ್ಟಿಗೆ ತಂದು ನೋಡೋಣ. ಹಟ್ಟಿಯ ಹಳೆಯ ಚಿನ್ನದ ಗುಂಡಿಗಳು ಇತಿಹಾಸಕಾರರನ್ನು ಬೆರಗುಗೊಳಿಸಿದಂಥವು. ಮದ್ದುಗುಂಡು ಬರುವ ಎಷ್ಟೋ ಮುಂಚೆ ಅಲ್ಲಿಯ ಜನ ನೂರಾರು ಅಡಿ ಆಳಕ್ಕೆ ಬಂಡೆ ಸೀಳಿಕೊಂಡು ಇಳಿದಿದ್ದರು. ಇಂದಿಗೂ ಅಲ್ಲಿ ಹಟ್ಟಿ ಚಿನ್ನದ ಗಣಿ ಕಂಪನಿ ಭೂಮಿಯೊಳಗಿಂದ ಅದಿರು ಎತ್ತುತ್ತಿದೆ. ಹಟ್ಟಿಯಿಂದ ಮಸ್ಕಿಯ ಕಡೆಗೆ ಹಬ್ಬಿರುವುದು ಭೂವಿಜ್ಞಾನಿಗಳು ಹಟ್ಟಿ–ಮಸ್ಕಿ ಶಿಸ್ಟ್ ಪಟ್ಟಿ ಎಂದು ಕರೆಯುವ, ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯ ಕಪ್ಪು–ಹಸಿರು ಬಂಡೆ. ಪ್ರಾಚೀನ ಲಾವಾ ಕಾದು, ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದ ಕಲ್ಲು ಅದು. ತೂಕ ನೀರಿನ 2.9 ಪಟ್ಟು ಅಥವಾ ಇನ್ನೂ ಹೆಚ್ಚು. ಅದರ ಸುತ್ತ, ಸಿಂಧನೂರಿನ ಎರೆ ಹೊಲಗಳ, ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳ ಅಡಿಯಲ್ಲಿ ಹಾಸಿರುವುದು ಗ್ರಾನೈಟ್, ನೈಸ್ ಜಾತಿಯ ತಿಳಿಬಣ್ಣದ ಹಗುರ ಕಲ್ಲು, ಸುಮಾರು 2.67 ಪಟ್ಟು.

ಹಟ್ಟಿಯ ಶಾಫ್ಟಿನಲ್ಲಿ ಒಬ್ಬ ಏರಿ ಲೋಲಕ ಇಳಿಸಿದನೆಂದೂ, ಸುತ್ತಲಿನ ಸೀಮೆಯ ಕಲ್ಲನ್ನು ನೋಡಿ ಪದರದ ಸಾಂದ್ರತೆ 2.67 ಎಂದು ಹಿಡಿದನೆಂದೂ, ನಿಜವಾಗಿ ಅದು 2.9 ಇತ್ತೆಂದೂ ಇಟ್ಟುಕೊಳ್ಳಿ. ಲೋಲಕ ಒಂದಿಷ್ಟೂ ತಪ್ಪದಿದ್ದರೂ ಭೂಮಿಯ ಸಾಂದ್ರತೆ 5.51ರ ಬದಲು 5.07 ಎಂದು ಬರುತ್ತದೆ. ಕಲ್ಲಿನಲ್ಲಿ ನೂರಕ್ಕೆ ಎಂಟು ತಪ್ಪಿದರೆ ಉತ್ತರದಲ್ಲೂ ನೂರಕ್ಕೆ ಎಂಟು ತಪ್ಪು. ಎಂಥ ಗಡಿಯಾರ ತಂದರೂ ಅದು ಒಂದು ಕೂದಲಷ್ಟೂ ಕಡಿಮೆಯಾಗದು. ಇನ್ನೊಂದು ಲೆಕ್ಕ: ಸುತ್ತಲ ಕಲ್ಲಿಗಿಂತ 0.25ರಷ್ಟು ಹೆಚ್ಚು ಸಾಂದ್ರವಾದ ಪಟ್ಟಿ ಮೂರು ಕಿಲೋಮೀಟರ್ ದಪ್ಪಕ್ಕೆ ಅಗಲವಾಗಿ ಹಾಸಿದೆ ಎಂದುಕೊಂಡರೆ, ಅದರ ಮೇಲೆ ಇಟ್ಟ ಲೋಲಕದ ಗಡಿಯಾರ ಬಯಲಿನ ಗಡಿಯಾರಕ್ಕಿಂತ ದಿನಕ್ಕೆ ಒಂದೂಕಾಲು ಸೆಕೆಂಡಿಗೂ ಹೆಚ್ಚು ಮುಂದೆ ಓಡಬೇಕು. ಹಾರ್ಟನ್ನಿನ ಗಣಿಯ ತಳಕ್ಕೆ ಇಳಿದು ಏರಿ ಕಂಡ ವ್ಯತ್ಯಾಸದ ಅರ್ಧಕ್ಕಿಂತ ಹೆಚ್ಚು ಇದು. ಇಲ್ಲಿ ಅದು ಗಣಿಗೆ ಇಳಿಯದೆ, ಒಂದು ಬಗೆಯ ಕಲ್ಲಿನಿಂದ ಇನ್ನೊಂದು ಬಗೆಯ ಕಲ್ಲಿನ ಮೇಲೆ ನಡೆದುಹೋದಷ್ಟಕ್ಕೇ ಬರುತ್ತದೆ.

ಈ ಬಲೆಯಿಂದ ಹೊರಬರುವ ದಾರಿ 1798ರಲ್ಲೇ ತೆರೆದಿತ್ತು. ಜಾನ್ ಮಿಚೆಲ್ ಎಂಬ ಪಾದ್ರಿ ಒಂದು ತಿರುಚು ತಕ್ಕಡಿಯನ್ನು ಕಟ್ಟಿ, ಬಳಸುವ ಮುನ್ನವೇ 1793ರಲ್ಲಿ ತೀರಿಕೊಂಡ. ಅದು ಕೈ ಬದಲಿಸಿ ಹೆನ್ರಿ ಕ್ಯಾವೆಂಡಿಷ್‌ಗೆ ಬಂತು. ಆರಡಿ ಉದ್ದದ ಮರದ ದಂಡ, ಅದರ ಎರಡು ತುದಿಗೆ ಎರಡಂಗುಲದ ಸೀಸದ ಗುಂಡು, ನಡುವಿಗೆ ಕಟ್ಟಿ ತೂಗುಬಿಡಲು ತೆಳು ತಂತಿ. ಪಕ್ಕಕ್ಕೆ ತಲಾ 158 ಕಿಲೋ ತೂಗುವ ಎರಡು ದೊಡ್ಡ ಸೀಸದ ಗುಂಡುಗಳನ್ನು ತಂದರೆ ಚಿಕ್ಕ ಗುಂಡುಗಳು ಅತ್ತ ವಾಲುತ್ತವೆ, ತಂತಿ ತಿರುಚಿಕೊಳ್ಳುತ್ತದೆ. ಆ ಸೆಳೆತ ಒಂದೊಂದು ಚಿಕ್ಕ ಗುಂಡಿನ ತೂಕದ ಸುಮಾರು ಐದು ಕೋಟಿಯಲ್ಲಿ ಒಂದು ಭಾಗ. ಅಕ್ಕಸಾಲಿಗರ ತಕ್ಕಡಿಯ ಗುಲಗಂಜಿಯನ್ನು ಎಂಟು ಸಾವಿರ ಚೂರು ಮಾಡಿದರೆ ಒಂದು ಚೂರು ತೂಗುವಷ್ಟು. ಕೋಣೆಯ ಒಂದು ಮೂಲೆ ಇನ್ನೊಂದಕ್ಕಿಂತ ಕೊಂಚ ಬೆಚ್ಚಗಿದ್ದರೂ ಗಾಳಿ ಕದಲಿ ಅಳತೆ ಹಾಳಾಗುತ್ತದೆಂದು ಅರಿತ ಕ್ಯಾವೆಂಡಿಷ್ ಉಪಕರಣವನ್ನು ಮುಚ್ಚಿದ ಕೋಣೆಯಲ್ಲಿಟ್ಟು, ಗೋಡೆಯ ರಂಧ್ರದಿಂದ ದೂರದರ್ಶಕದಲ್ಲಿ ನೋಡುತ್ತಿದ್ದ. ಉತ್ತರ 5.48. ಅವನು ಮಾಡಿದ ಒಂದು ಸಣ್ಣ ಲೆಕ್ಕದ ತಪ್ಪನ್ನು ತಿದ್ದಿದರೂ 5.45ರ ಸುತ್ತ ನಿಲ್ಲುತ್ತದೆ. ಇಂದಿನ ಅಂಕಿಗೆ ನೂರಕ್ಕೆ ಒಂದರಷ್ಟು ದೂರ. ಐವತ್ತಾರು ವರ್ಷಗಳ ಬಳಿಕ, ಇನ್ನೂ ಒಳ್ಳೆಯ ಗಡಿಯಾರಗಳಿದ್ದ ಏರಿ ನೂರಕ್ಕೆ ಹತ್ತೊಂಬತ್ತು ತಪ್ಪಿದ. ಬರೀ ಉಪಕರಣದ ಸೂಕ್ಷ್ಮತೆಯೇ ಕಾರಣವಾಗಿದ್ದರೆ ಕಾಲಕ್ರಮ ಹೀಗೆ ತಿರುಗುಮುರುಗಾಗುತ್ತಿರಲಿಲ್ಲ. ಕ್ಯಾವೆಂಡಿಷ್‌ಗೆ ತನ್ನ ಸೀಸದ ತೂಕ ಗೊತ್ತಿತ್ತು. ಏರಿಗೆ ತನ್ನ ಕಲ್ಲಿನದು ಗೊತ್ತಿರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಕ್ಯಾವೆಂಡಿಷ್ ಸ್ಥಿರಾಂಕದ ಮಾತನ್ನೇ ಎತ್ತಲಿಲ್ಲ. ಅವನ ಪ್ರಬಂಧ ಭೂಮಿಯ ಸಾಂದ್ರತೆಯನ್ನು ಕುರಿತದ್ದು. ಹಾಗಿರುವಾಗ ಅವನನ್ನು ಸ್ಥಿರಾಂಕದ ಕಥೆಗೆ ಎಳೆದು ತರುವುದು ಸರಿಯೇ? ಚರಿತ್ರೆಯ ದೃಷ್ಟಿಯಿಂದ ಆಕ್ಷೇಪ ನ್ಯಾಯವಾದದ್ದೇ. ಗುರುತ್ವವನ್ನು ಒಂದು ಪ್ರತ್ಯೇಕ ಸ್ಥಿರಾಂಕವಾಗಿ ಬರೆಯುವ ರೂಢಿ ಬಂದದ್ದು 1873ರಲ್ಲಿ ಫ್ರಾನ್ಸಿನ ಕಾರ್ನು ಮತ್ತು ಬೇಯ್ ಮಾಡಿದ ಪ್ರಯೋಗದ ಹೊತ್ತಿಗೆ; ಇಂದಿನ ಅಕ್ಷರ ನೆಲೆಗೊಂಡದ್ದು 1890ರ ದಶಕದಲ್ಲಿ, ಸಿ. ವಿ. ಬಾಯ್ಸ್ ಸ್ಫಟಿಕ ಶಿಲೆಯ ಎಳೆಯಿಂದ ಪುಟ್ಟ ತಿರುಚು ತಕ್ಕಡಿ ಕಟ್ಟಿ ಅಳೆದ ಮೇಲೆ. ಆದರೆ ಚಿಕ್ಕ ಜಿ ಮತ್ತು ತ್ರಿಜ್ಯ ಗೊತ್ತಿದ್ದ ಮೇಲೆ ಭೂಮಿಯ ಸಾಂದ್ರತೆ, ದೊಡ್ಡ ಜಿ ಎರಡೂ ಒಂದೇ ನಾಣ್ಯದ ಎರಡು ಮುಖ. ಒಂದು ಸಿಕ್ಕರೆ ಇನ್ನೊಂದು ಸಿಕ್ಕಂತೆಯೇ. ಹೆಸರು ಬದಲಾದದ್ದೂ ಅರ್ಥವಿಲ್ಲದ್ದಲ್ಲ. ಭೂಮಿಯ ಸಾಂದ್ರತೆ ಎಂದಾಗ ಪ್ರಶ್ನೆ ನಮ್ಮ ಕಾಲಡಿಯ ಒಂದು ಗೋಳವನ್ನು ಕುರಿತದ್ದು. ಸ್ಥಿರಾಂಕ ಎಂದಾಗ ಅದು ಯಾವ ಗೋಳಕ್ಕೂ ಸೇರದ್ದು. ಸೀಸದ ಗುಂಡುಗಳ ಪ್ರಯೋಗ ಭೂಮಿಯ ಹಂಗು ಹರಿದುಕೊಂಡಿದ್ದರಿಂದಲೇ ಈ ಹೆಸರು ಸಾಧ್ಯವಾಯಿತು.

ಭೂಮಿಯ ಹಂಗು ಎಷ್ಟು ಬಿಗಿಯಾದದ್ದು ಎಂಬುದು ಬಯಲಾದದ್ದು ಭಾರತದಲ್ಲಿ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದು ಅಭ್ಯಾಸ ಮಾಡಿಕೊಂಡು, 1802ರಲ್ಲಿ ಮದ್ರಾಸಿನಿಂದ ಮಹಾ ತ್ರಿಕೋನಮಿತಿ ಸರ್ವೆಯನ್ನು ವಿಧಿವತ್ತಾಗಿ ಆರಂಭಿಸಿದ. 78 ಡಿಗ್ರಿ ರೇಖಾಂಶದ ಆಸುಪಾಸಿನಲ್ಲಿ ಅವನ ಮಹಾ ಚಾಪ ದಕ್ಷಿಣೋತ್ತರವಾಗಿ ಸಾಗಿ ರಾಯಚೂರಿನ ಮೂಡಲಿಗೆ ಕೃಷ್ಣೆ ದಾಟಿತು. 1815ರಲ್ಲಿ ಬೀದರಿನ ಬಯಲಲ್ಲಿ ಮತ್ತೊಂದು ಆಧಾರರೇಖೆ ಅಳೆಯಲಾಯಿತು. 1823ರಲ್ಲಿ ಲ್ಯಾಂಬ್ಟನ್ ಹಿಂಗಣಘಾಟದಲ್ಲಿ ತೀರಿಕೊಂಡ ಮೇಲೆ ಜಾರ್ಜ್ ಎವರೆಸ್ಟ್ ಅದನ್ನು ಹಿಮಾಲಯದ ಬುಡಕ್ಕೆ ಒಯ್ದ. ಅಲ್ಲಿ ಒಂದು ಲೆಕ್ಕ ಕೂಡಲಿಲ್ಲ. ಉತ್ತರದ ಕಲಿಯಾನಾ, ಮಧ್ಯಭಾರತದ ಕಲಿಯಾನಪುರ ಇವೆರಡರ ಅಂತರ ನೆಲದ ತ್ರಿಕೋನಗಳಿಂದ ಒಂದು, ನಕ್ಷತ್ರಗಳಿಂದ ಇನ್ನೊಂದು ಬಂತು, ವ್ಯತ್ಯಾಸ 5.236 ಸೆಕೆಂಡು ಕೋನ, ನೆಲದ ಮೇಲೆ ಸುಮಾರು 160 ಮೀಟರ್. ಹಿಮಾಲಯ ತೂಗುಗುಂಡನ್ನು ಸೆಳೆದಿದೆ ಎಂದು ಯಾರಿಗಾದರೂ ಹೊಳೆಯುವ ಮಾತು. ಕಲ್ಕತ್ತೆಯ ಆರ್ಚ್‌ಡೀಕನ್ ಜಾನ್ ಪ್ರಾಟ್ ಆ ಸೆಳೆತವನ್ನು ಲೆಕ್ಕಹಾಕಿದ. ಸಿಕ್ಕಿದ್ದು 15.885 ಸೆಕೆಂಡು, ಬೇಕಾದುದರ ಮೂರು ಪಟ್ಟು. ಕಣ್ಣಿಗೆ ಕಾಣುವ ಹಿಮಾಲಯ ತನ್ನ ಗಾತ್ರಕ್ಕೆ ತಕ್ಕಷ್ಟು ಸೆಳೆಯುತ್ತಿರಲಿಲ್ಲ.

ಇದಕ್ಕೆ 1855ರಲ್ಲಿ ಉತ್ತರ ಕೊಟ್ಟವನು ಅದೇ ಏರಿ, ಹಾರ್ಟನ್ ಗಣಿಯಿಂದ ಹೊರಬಂದ ಕೆಲವೇ ತಿಂಗಳಲ್ಲಿ. ನೀರಿನ ಮೇಲೆ ತೇಲುವ ಮರದ ದಿಮ್ಮಿ ಮೇಲೆ ಎಷ್ಟು ಎದ್ದಿದೆಯೋ ಅದಕ್ಕೆ ತಕ್ಕಂತೆ ಕೆಳಗೂ ಮುಳುಗಿರುತ್ತದೆ. ಪರ್ವತಗಳೂ ಹಾಗೆಯೇ ಹಗುರ ಕಲ್ಲಿನ ಆಳವಾದ ಬೇರನ್ನು ಭಾರದ ಪದರದೊಳಗೆ ಇಳಿಬಿಟ್ಟಿವೆ. ಆ ಬೇರಿನ ಹಗುರತೆ ಮೇಲಿನ ಸೆಳೆತವನ್ನು ತಗ್ಗಿಸುತ್ತದೆ. ಪ್ರಾಟ್ ಇದೇ ಫಲವನ್ನು ಬೇರೊಂದು ಬಗೆಯಲ್ಲಿ ವಿವರಿಸಿದ. ಈ ಸಮತೋಲಕ್ಕೆ ಮುಂದೆ ಐಸೊಸ್ಟಸಿ ಎಂಬ ಹೆಸರು ಬಂತು. ಬೆಟ್ಟದ ತೂಕ ಗೊತ್ತು ಎಂದು ಹೊರಟ ವಿಧಾನದ ಬುಡವನ್ನೇ ಇದು ಅಲ್ಲಾಡಿಸಿತು: ಮೇಲಿನ ಕಲ್ಲನ್ನೆಲ್ಲ ತೂಗಿದರೂ ಕೆಳಗಿನ ಬೇರು ಲೆಕ್ಕಕ್ಕೆ ಸಿಗದು. ಬೆಟ್ಟವನ್ನು ತಕ್ಕಡಿಯ ತೂಕದ ಕಲ್ಲಾಗಿ ಬಳಸಹೋದವರಿಗೆ ಆ ಕಲ್ಲೇ ಟೊಳ್ಳೆಂದು ತಿಳಿದ ಹಾಗಾಯಿತು. ಈ ಸಮತೋಲದ ಮಾತನ್ನು ಪರೀಕ್ಷಿಸಲು 1865ರಿಂದ ಕ್ಯಾಪ್ಟನ್ ಜೇಮ್ಸ್ ಪಲ್ಲಾಡಿಯೊ ಬಸೇವಿ ರಾಯಲ್ ಸೊಸೈಟಿಯ ಎರಡು ಹಿತ್ತಾಳೆ ಲೋಲಕಗಳನ್ನು ಹೊತ್ತು ಮಹಾ ಚಾಪದ ಉದ್ದಕ್ಕೂ ನಡೆದ. ಬೆಂಗಳೂರು, ಅಲ್ಲಿಂದ ಬಡಗಲಿಗೆ ನಾಮ್ತಾಬಾದ್, ನಿಜಾಮರ ಸೀಮೆಯ ಕೊಡಂಗಲ್, ಬೀದರ್ ಬಳಿಯ ದಾಮರಗಿಡ್ಡ ಹೀಗೆ ಒಂದೊಂದು ಠಾಣ್ಯದಲ್ಲೂ ಗಾಳಿ ತೆಗೆದ ಪೆಟ್ಟಿಗೆಯೊಳಗೆ ಲೋಲಕದ ತೂಗಾಟವನ್ನು ಎಣಿಸಿದ. 1871ರ ಜುಲೈನಲ್ಲಿ ಲಡಾಖಿನ ಮೋರೆ ಬಯಲಿನಲ್ಲಿ, ಹದಿನೈದು ಸಾವಿರ ಅಡಿಗೂ ಮಿಕ್ಕ ಎತ್ತರದ ಚಳಿಯಲ್ಲಿ ಅವನು ತೀರಿಕೊಂಡ. ಕೆಲಸ ಮುಗಿಸಿದವನು ಡಬ್ಲ್ಯು. ಜೆ. ಹೆವಿಸೈಡ್. ಈ ಕೆಲಸದ ವರದಿಯಲ್ಲಿ ಗುರುತ್ವ ಸ್ಥಿರಾಂಕದ ಹೊಸ ಅಂಕಿಯಿಲ್ಲ; ಪರ್ವತ ಸಮೀಪಿಸಿದಂತೆ ಸೆಳೆತ ನಿರೀಕ್ಷೆಗಿಂತ ಕುಗ್ಗುತ್ತದೆ ಎಂಬ ಸಾಕ್ಷ್ಯವಿದೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ಹತ್ತೊಂಬತ್ತನೆಯ ಶತಮಾನಕ್ಕೆ ಕಲ್ಲು ಗೊತ್ತಿರಲಿಲ್ಲ ಸರಿ. ಕೊರೆದು ತೆಗೆದ ಮಾದರಿಗಳೂ ಸೂಕ್ಷ್ಮ ಗುರುತ್ವಮಾಪಕಗಳೂ ಬಂದ ಮೇಲೆ ಗಣಿಯ ವಿಧಾನ ಸುಧಾರಿಸಬಾರದೇಕೆ? ಅಲ್ಲದೆ ಕೋಣೆಯೊಳಗಿನ ಸ್ಥಿರಾಂಕ ಕೆಲವು ಅಂಗುಲಗಳ ದೂರದಲ್ಲಿ ಅಳೆದದ್ದು. ನೂರಾರು ಮೀಟರ್ ದೂರದಲ್ಲೂ ಅದೇ ಎಂದು ಹೇಳಲು ಬೆಟ್ಟ, ಗಣಿ ಬೇಕೇ ಬೇಕಲ್ಲವೇ? ಆಸ್ಟ್ರೇಲಿಯಾದ ಫ್ರಾಂಕ್ ಸ್ಟೇಸಿ ಮತ್ತು ಸಂಗಡಿಗರು ಇದನ್ನೇ ಮಾಡಿದರು. 1981ರ ಹೊತ್ತಿಗೆ ಕ್ವೀನ್ಸ್‌ಲ್ಯಾಂಡಿನ ಗಣಿಗಳಲ್ಲಿ ಅವರಿಗೆ ಸಿಕ್ಕ ಸ್ಥಿರಾಂಕ ಕೋಣೆಯ ಅಂಕಿಗಿಂತ ನೂರಕ್ಕೆ ಒಂದರ ಸುಮಾರಿಗೆ ಹೆಚ್ಚಿತ್ತು. 1986ರಲ್ಲಿ ಎಫ್ರೈಮ್ ಫಿಷ್‌ಬಾಕ್ ತಂಡ ಹಂಗೆರಿಯ ಎಟ್ವೊಷ್‌ನ ಹಳೆಯ ಪ್ರಯೋಗವನ್ನು ಮರುಪರಿಶೀಲಿಸಿ, ನೂರಾರು ಮೀಟರ್ ದೂರದವರೆಗೆ ಕೆಲಸ ಮಾಡುವ, ವಸ್ತು ಯಾವುದೆಂಬುದರ ಮೇಲೆ ಹೆಚ್ಚುಕಡಿಮೆಯಾಗುವ ‘ಐದನೆಯ ಬಲ’ ಇರಬಹುದೆಂದಿತು. ಜಗತ್ತಿನ ಎಷ್ಟೋ ಪ್ರಯೋಗಶಾಲೆಗಳು ಅದರ ಬೆನ್ನುಬಿದ್ದವು. ಅವುಗಳಲ್ಲಿ ಒಂದು ಕರ್ನಾಟಕದಲ್ಲೇ ಇತ್ತು.

ಗೌರಿಬಿದನೂರಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ರಮಾನಾಥ ಕೌಶಿಕ್, ಎನ್. ಕೃಷ್ಣನ್, ಎಸ್. ಎನ್. ಟಂಡನ್, ಸಿ. ಎಸ್. ಉನ್ನಿಕೃಷ್ಣನ್ ಅವರು ನೆಲದಡಿಯ ಕೋಣೆಯಲ್ಲಿ ತಿರುಚು ತಕ್ಕಡಿ ನಿಲ್ಲಿಸಿದರು. ಭೂಕಂಪದ ಅಲೆಗಳನ್ನು ಹಿಡಿಯುವ ಕೇಂದ್ರಕ್ಕೂ ಇದೇ ಗೌರಿಬಿದನೂರನ್ನು ಆರಿಸಿಕೊಂಡಿದ್ದರೆಂದರೆ ಅಲ್ಲಿಯ ನೆಲ ಎಷ್ಟು ನಿಶ್ಶಬ್ದ ಎಂದು ಊಹಿಸಬಹುದು. ಭಿನ್ನ ಲೋಹಗಳ ತೂಕವನ್ನು ಎಳೆಯಿಂದ ತೂಗುಬಿಟ್ಟು, ತಾವೇ ತೂಗಿದ ಲೋಹದ ರಾಶಿಯನ್ನು ಪಕ್ಕದಲ್ಲಿ ಸರಿಸಿ, ತಕ್ಕಡಿ ತಿರುಗುತ್ತದೆಯೇ ಎಂದು ಕಾದರು. 1988ರಲ್ಲೂ 1990ರಲ್ಲೂ ಪ್ರಕಟವಾದ ಅವರ ಫಲಿತಾಂಶ ಒಂದೇ: ಅಂಥ ಬಲದ ಸುಳಿವಿಲ್ಲ. ಅಮೆರಿಕದ ಸಿಯಾಟಲ್ ತಂಡದ ತಿರುಚು ತಕ್ಕಡಿಗಳೂ ಅದನ್ನೇ ಹೇಳಿದವು. ಗಣಿಯ ಅಂಕಿಗೆ ಏನಾಯಿತು? ಸುತ್ತಲಿನ ದಿಬ್ಬ–ತಗ್ಗುಗಳನ್ನು ಸರ್ವೆ ಸಮನಾಗಿ ಹಿಡಿದಿರಲಿಲ್ಲ, ಆ ಪಕ್ಷಪಾತವೇ ಹೆಚ್ಚುವರಿ ಒಂದಂಶವನ್ನು ಹುಟ್ಟಿಸಬಲ್ಲದು ಎಂದು ತಿಳಿದುಬಂತು. ಇನ್ನೂರು ವರ್ಷಗಳ ಬಳಿಕವೂ ಶಿಹಾಲಿಯನ್‌ನ ಕಥೆಯೇ: ಉಪಕರಣ ಸರಿಯಿತ್ತು, ನೆಲದ ಲೆಕ್ಕ ತಪ್ಪಿತ್ತು. ದೂರದ ಪ್ರಶ್ನೆಗೆ ಪ್ರಕೃತಿಯ ರಾಶಿಗಳು ಬೇಕು ಎಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಅವು ಪ್ರಶ್ನೆಯನ್ನು ಎತ್ತಬಲ್ಲವು. ಆದರೆ ಅದನ್ನು ಇತ್ಯರ್ಥಪಡಿಸಿದ್ದರಲ್ಲಿ ದೊಡ್ಡ ಪಾತ್ರ ವಹಿಸಿದ್ದು ತೂಗಿಟ್ಟ ರಾಶಿಗಳು.

ಕೊನೆಯ ಆಕ್ಷೇಪದ ಮುಂದೆ ವಾದ ಸ್ವಲ್ಪ ತಗ್ಗಲೇಬೇಕು. ರಾಶಿಯನ್ನು ತಿಳಿದುಕೊಂಡರೆ ಸಾಕು ಎನ್ನುವುದಾದರೆ ಕೋಣೆಯೊಳಗಿನ ಪ್ರಯೋಗಗಳು ಪರಸ್ಪರ ಒಪ್ಪಬೇಕಿತ್ತಲ್ಲ? ಒಪ್ಪುತ್ತಿಲ್ಲ. ಇಂದು ಸ್ವೀಕರಿಸಿರುವ ಬೆಲೆ 6.6743 × 10⁻¹¹. ಅದರ ಅನಿಶ್ಚಿತತೆ ಹತ್ತು ಲಕ್ಷದಲ್ಲಿ 22 ಭಾಗ. ಬೇರೆ ಮೂಲಭೂತ ಸ್ಥಿರಾಂಕಗಳ ಮುಂದೆ ಇದು ನಾಚಿಕೆಪಡುವಷ್ಟು ಒರಟು. 2018ರಲ್ಲಿ ಚೀನಾದ ವುಹಾನಿನ ತಂಡ ಎರಡು ಬೇರೆ ವಿಧಾನಗಳಿಂದ ಅಳೆಯಿತು. ಎರಡೂ ಹತ್ತು ಲಕ್ಷದಲ್ಲಿ ಸುಮಾರು 12 ಭಾಗದಷ್ಟು ನಿಖರವೆಂದು ಹೇಳಿಕೊಂಡವು, ಆದರೆ ಅವುಗಳ ನಡುವೆಯೇ 45 ಭಾಗದ ಅಂತರ. ಗುರುತ್ವ ಅತಿ ದುರ್ಬಲ, ಅದಕ್ಕೆ ಅಡ್ಡಗೋಡೆ ಕಟ್ಟಲಾಗದು. ತಂತಿಯ ಗುಣ, ಲೋಹದೊಳಗಿನ ಸಾಂದ್ರತೆಯ ಏರುಪೇರು, ಪಕ್ಕದ ಕೋಣೆಯ ಚಲನೆ ಎಲ್ಲವೂ ಅಳತೆಯೊಳಗೆ ಇಣುಕುತ್ತವೆ. ಹಾಗಾಗಿ ಸೆಳೆಯುವ ರಾಶಿ ಗೊತ್ತಿರುವುದು ಅಗತ್ಯ, ಅಷ್ಟೇ ಸಾಲದು. ಆದರೂ ತಪ್ಪಿನ ಪ್ರಮಾಣ ನೋಡಿ: ಬೆಟ್ಟ, ಗಣಿಗಳು ತಪ್ಪಿದ್ದು ನೂರರ ಲೆಕ್ಕದಲ್ಲಿ, ಇಂದಿನ ಜಗಳ ಹತ್ತು ಲಕ್ಷದ ಲೆಕ್ಕದಲ್ಲಿ. ಆ ಜಗಳದಲ್ಲೂ ಪ್ರಯೋಗಕಾರರು ಹುಡುಕುತ್ತಿರುವುದು ಲೆಕ್ಕಕ್ಕೆ ಸಿಗದೆ ಉಳಿದ ಯಾವುದೋ ಪ್ರಭಾವವನ್ನೇ.

ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1870ರಲ್ಲಿ ಮಸ್ಕಿಗೆ ಬಂದಾಗ, ಬಸೇವಿಯ ಲೋಲಕಗಳು ದೇಶದಲ್ಲಿ ಇನ್ನೂ ತೂಗಾಡುತ್ತಿದ್ದವು. ಫೂಟ್ ಕಲ್ಲನ್ನು ಕಣ್ಣಿನಿಂದಲೂ ಸುತ್ತಿಗೆಯಿಂದಲೂ ಓದಿದ. ನೆಲದೊಳಗೆ ಅದು ಎಷ್ಟು ಆಳಕ್ಕೆ ಇಳಿದಿದೆ ಎಂದು ಹೇಳುವ ಸಾಧನ ಅವನ ಕೈಯಲ್ಲಿರಲಿಲ್ಲ. ಇಂದು ಇಂಥ ಶಿಸ್ಟ್ ಪಟ್ಟಿಗಳ ಮೇಲೆ ಗುರುತ್ವಮಾಪಕ ಹಿಡಿದು ನಡೆಯುವ ಭೂವಿಜ್ಞಾನಿ ಆ ಕೆಲಸ ಮಾಡುತ್ತಾನೆ. ಸಿಂಧನೂರಿನಂಥ ಬಯಲಿನ ಹಗುರ ಕಲ್ಲಿನಿಂದ ಮಸ್ಕಿಯ ಕಪ್ಪು ಬಂಡೆಯ ಕಡೆಗೆ ಬಂದಂತೆ ಅಂಕಿ ಏರಬೇಕು. ಎಷ್ಟು ಏರಿತು ಎಂಬುದರಿಂದ ಭಾರದ ಕಲ್ಲು ಎಷ್ಟು ದಪ್ಪಕ್ಕಿದೆ ಎಂದು ಅವನು ಅಂದಾಜಿಸುತ್ತಾನೆ. ಆ ಅಂದಾಜಿನ ಸೂತ್ರದೊಳಗೆ ದೊಡ್ಡ ಜಿ ಕೂತಿದೆ, ಆದರೆ ಈಗ ಅದು ಹುಡುಕಬೇಕಾದ ಅಂಕಿಯಲ್ಲ. ಎಲ್ಲೋ ಮುಚ್ಚಿದ ಕೋಣೆಯಲ್ಲಿ, ತೂಗಿಟ್ಟ ಗುಂಡುಗಳಿಂದ ಪಡೆದು ತಂದದ್ದು. ಮ್ಯಾಸ್ಕೆಲಿನ್ ಮತ್ತು ಏರಿ ಕಲ್ಲನ್ನು ಗೊತ್ತಿರುವುದೆಂದು ಹಿಡಿದು ಗುರುತ್ವವನ್ನು ಕೇಳಿದರು. ಹಟ್ಟಿ–ಮಸ್ಕಿ ಪಟ್ಟಿಯ ಮೇಲೆ ನಿಂತವನು ಗುರುತ್ವವನ್ನು ಗೊತ್ತಿರುವುದೆಂದು ಹಿಡಿದು ಕಲ್ಲನ್ನು ಕೇಳುತ್ತಾನೆ. ಅಂದು ಅಳತೆಯನ್ನು ಕೆಡಿಸಿದ ಅದೇ ಏರುಪೇರು ಇಂದು ಅವನಿಗೆ ಚಿನ್ನದ ಬಂಡೆಯ ಆಳ ಹೇಳುತ್ತದೆ.